ಒಂದು ಕಿಲೋ ತೂಕದ ಬಂಡೆ

(ಇಡಗುಂದಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ತಾಳಮದ್ದಲೆ, ಊರಿನ ಇತಿಹಾಸ ಎಂಬ ರೂಢಿ ನಮ್ಮ ಕಡೆ ಇದೆ. ಅನಿಮೇಷನ್ ತಂತ್ರಾಂಶದೊಳಗಿನ ಫಿಸಿಕ್ಸ್ ಸೆಟ್ಟಿಂಗುಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿದರು. ಅವರಿಗೆ ನಾನು ಋಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರು, ಹುಡುಗಿಯರು ಈಗ ಮನೆಯ ಲ್ಯಾಪ್‌ಟಾಪಿನಲ್ಲೇ ಈ ವಿದ್ಯೆ ಕಲಿಯಬಹುದು. ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ. 2002ರಲ್ಲಿ ಅದನ್ನು ರೂಪಿಸಿದ ಟಾನ್ ರೋಸೆಂಡಾಲ್ ಮತ್ತು ಗೆಳೆಯರು ಜನರಿಂದ 1 ಲಕ್ಷ ಯೂರೋ ಕೂಡಿಸಿ ಅದರ ಹಕ್ಕನ್ನು ಬಿಡಿಸಿಕೊಂಡರು, ಅಂದಿನಿಂದ ಅದು ಎಲ್ಲರ ಸೊತ್ತು. ಲಾಟ್ವಿಯಾದ ‘ಫ್ಲೋ’ ಎಂಬ ಚಿತ್ರವನ್ನು ಇದೇ ಬ್ಲೆಂಡರಿನಲ್ಲಿ ಮಾಡಿದರು. 2025ರಲ್ಲಿ ಅದಕ್ಕೆ ಆಸ್ಕರ್ ಬಂತು. ಸಾಧನ ಕೈಯಲ್ಲಿದೆ. ಅದರೊಳಗಿನ ಅಂಕೆಗಳನ್ನು ಅರ್ಥ ಮಾಡಿಕೊಳ್ಳುವ ಬಗೆ ಹೇಗೆಂಬುದೇ ಈ ಹೊತ್ತಿನ ಮಾತು.

ಬ್ಲೆಂಡರ್ ತೆರೆದ ಕೂಡಲೇ ಪರದೆಯ ನಡುವೆ ಬೂದು ಬಣ್ಣದ ಒಂದು ಘನ ಕಾಣುತ್ತದೆ. ಅದರ ಪ್ರತಿ ಅಂಚು 2 ಮೀಟರ್. ಇದು ಬಗ್ಗದ, ಮುರಿಯದ ಗಟ್ಟಿ ವಸ್ತು ಎಂದು ತಂತ್ರಾಂಶಕ್ಕೆ ತಿಳಿಸಿದರೆ, ಅಂದರೆ ಅದನ್ನು ‘ರಿಜಿಡ್ ಬಾಡಿ’ ಮಾಡಿದರೆ, ತೂಕದ ಜಾಗದಲ್ಲಿ 1 ಕಿಲೋ ಎಂದು ತಾನಾಗಿಯೇ ಬರುತ್ತದೆ. ಲೆಕ್ಕ ಹಾಕಿ ನೋಡಿ. 2 ಮೀಟರ್ ಅಂಚಿನ ಘನದ ಗಾತ್ರ 8 ಘನ ಮೀಟರ್. ಅಷ್ಟು ಜಾಗಕ್ಕೆ ನೀರು ತುಂಬಿದರೆ 8 ಟನ್. ಚಿರೇಕಲ್ಲಾದರೆ ಸುಮಾರು ಅದರ ಇಮ್ಮಡಿ. ಏನೂ ತುಂಬದೆ ಬಿಟ್ಟರೂ ಅಲ್ಲಿರುವ ಗಾಳಿಯೇ 9 ಕಿಲೋದಷ್ಟು ತೂಗುತ್ತದೆ. ಕಲಿಯುವ ಹುಡುಗ ಆ ಘನಕ್ಕೆ ಕಲ್ಲಿನ ಬಣ್ಣ ಬಳಿದು ಘಟ್ಟದಿಂದ ಉರುಳಿಸುತ್ತಾನೆ. ಅವನ ಬಂಡೆ ತನ್ನಷ್ಟೇ ಗಾತ್ರದ ಗಾಳಿಗಿಂತ ಹಗುರ!

ಇದರಲ್ಲಿ ತಂತ್ರಾಂಶದ ತಪ್ಪೇನೂ ಇಲ್ಲ. ಖಾಲಿ ಬಿಡಲಾಗದ ಜಾಗದಲ್ಲಿ ಅದು ಏನೋ ಒಂದು ಅಂಕೆ ಇಟ್ಟಿದೆ, ಅಷ್ಟೆ. ಆ ಅಂಕೆಯನ್ನು ಉತ್ತರವೆಂದು ತಿಳಿದರೆ ಕೆಲಸ ಕೆಟ್ಟಿತು. ಪ್ರತಿ ಸೆಟ್ಟಿಂಗೂ ತಂತ್ರಾಂಶ ನಮಗೆ ಕೇಳುವ ಪ್ರಶ್ನೆ. ಇದು ಎಷ್ಟು ದೊಡ್ಡದು, ಎಷ್ಟು ಭಾರ, ಎಷ್ಟು ಬೇಗ ಓಡುತ್ತದೆ, ಯಾವುದರ ಮೇಲೆ ಜಾರುತ್ತದೆ? ತೋಟ, ಘಟ್ಟ, ಹೊಳೆ ನೋಡಿ ಬೆಳೆದವರಿಗೆ ಇವುಗಳಲ್ಲಿ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಗೊತ್ತಿರುತ್ತದೆ, ಗೊತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಯಾರೋ ವಿಡಿಯೋದಲ್ಲಿ ಹೇಳಿದ ಅಂಕೆಯನ್ನು ನಕಲು ಮಾಡಿ ಕೂರುತ್ತಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಸಿಮ್ಯುಲೇಶನ್ ಎಂದರೇನೆಂದು ಹೇಳಿಬಿಡುತ್ತೇನೆ. ಅನಿಮೇಷನ್ನಿನಲ್ಲಿ ವಸ್ತುವನ್ನು ಚಲಿಸುವಂತೆ ಮಾಡಲು ಎರಡು ದಾರಿ. ಒಂದರಲ್ಲಿ ಕಲಾವಿದ ತಾನೇ ಕೂತು, ಈ ಚೌಕಟ್ಟಿನಲ್ಲಿ (ಫ್ರೇಮಿನಲ್ಲಿ) ಇಲ್ಲಿ, ಆ ಚೌಕಟ್ಟಿನಲ್ಲಿ ಅಲ್ಲಿ ಎಂದು ನಿಲ್ಲಿಸುತ್ತಾನೆ. ಇನ್ನೊಂದರಲ್ಲಿ ಅವನು ನಿಯಮ ಹೇಳುತ್ತಾನೆ, ಜಾಗವನ್ನು ಯಂತ್ರ ಲೆಕ್ಕ ಹಾಕುತ್ತದೆ, ಇದೇ ಸಿಮ್ಯುಲೇಶನ್. ಯಂತ್ರ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಪ್ರತಿ ಹೆಜ್ಜೆಯಲ್ಲೂ ಈಗಿನ ವೇಗ ಇಷ್ಟು, ಮೇಲಿನ ಬಲ ಇಷ್ಟು, ಹಾಗಾದರೆ ಮುಂದಿನ ಗಳಿಗೆಯಲ್ಲಿ ವಸ್ತು ಎಲ್ಲಿರಬೇಕು ಎಂದು ಎಣಿಸುತ್ತ ಹೋಗುತ್ತದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು. ಬ್ಲೆಂಡರಿನ ಗಟ್ಟಿ ವಸ್ತುಗಳ ಲೆಕ್ಕದಲ್ಲಿ ಚೌಕಟ್ಟಿಗೆ 10 ಹೆಜ್ಜೆ, ಅಂದರೆ ಸೆಕೆಂಡಿಗೆ 240 ಹೆಜ್ಜೆ. ಈ 240 ಎಂಬ ಅಂಕೆ ನೆನಪಿರಲಿ.

ಈಗ ತೋಟಕ್ಕೆ ಹೋಗೋಣ. ಐವತ್ತು ಅಡಿ ಎತ್ತರದ ಮರ, ಸುಮಾರು 15 ಮೀಟರ್. ಕೊನೆಯಿಂದ, ಅಂದರೆ ಗೊಂಚಲಿನಿಂದ, ಒಂದು ಅಡಿಕೆ ಕಳಚಿತು. ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 9.81 ಮೀಟರ್, ಬ್ಲೆಂಡರಿನಲ್ಲೂ ಅದೇ ಬರೆದಿದೆ. ಗಾಳಿಯ ತಡೆ ಬಿಟ್ಟರೆ ಅಡಿಕೆ ನೆಲ ಮುಟ್ಟಲು ಸುಮಾರು 1.75 ಸೆಕೆಂಡು, ಅಂದರೆ 42 ಚೌಕಟ್ಟು. ಮೊದಲ 24 ಚೌಕಟ್ಟುಗಳಲ್ಲಿ ಅದು ಇಳಿಯುವುದು 4.9 ಮೀಟರ್ ಮಾತ್ರ. ಉಳಿದ 10 ಮೀಟರಿಗೆ ಬೇಕಾಗುವುದು 18 ಚೌಕಟ್ಟು. ಮೇಲೆ ನಿಧಾನ, ಕೆಳಗೆ ಭರ್ರನೆ. ಬೀಳುವ ವಸ್ತು ಭಾರವಾಗಿ ಕಾಣುವುದು ಈ ಏರುವ ವೇಗದಿಂದ. ತೂಕದ ಅಂಕೆ ಏರಿಸಿದರೆ ಅಡಿಕೆ ಬೇಗ ಬೀಳುತ್ತದೆ ಎಂದು ಎಷ್ಟೋ ಹುಡುಗರು ನಂಬಿದ್ದಾರೆ. ಬೀಳುವುದಿಲ್ಲ. ತೂಕ ಕೆಲಸ ಮಾಡುವುದು ಒಂದು ವಸ್ತು ಇನ್ನೊಂದಕ್ಕೆ ತಾಗಿದಾಗ.

ಅಳತೆ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಮಾಗೋಡಿಗೆ ಹೋಗಬೇಕು. ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಆಳಕ್ಕೆ ಇಳಿಯುವ ಜಾಗ ಅದು. 200 ಮೀಟರನ್ನು ಒಂದೇ ಸಲಕ್ಕೆ ಇಳಿದರೂ ಕಲ್ಲಿಗೆ 6.4 ಸೆಕೆಂಡು ಬೇಕು. ನೀರು ಒಡೆದು ಹನಿಯಾಗಿ, ಗಾಳಿಗೆ ಸಿಕ್ಕಿ, ಬಂಡೆಗೆ ತಾಗಿ ಇಳಿಯುವಾಗ ಇನ್ನೂ ಹೆಚ್ಚು. ಎದುರಿನ ದಿಬ್ಬದಲ್ಲಿ ನಿಂತು ಒಂದೇ ಅಲೆಯ ಮೇಲೆ ಕಣ್ಣಿಟ್ಟು ನೋಡಿದವರಿಗೆ ನೀರು ಇಳಿಯುವುದೇ ಇಲ್ಲವೇನೋ ಎನ್ನಿಸುವ ನಿಧಾನ ಗೊತ್ತು. ಈಗ ವಿದ್ಯಾರ್ಥಿಯೊಬ್ಬಳು ಪರದೆಯಲ್ಲಿ ಚೆನ್ನಾಗಿ ಕಾಣಲೆಂದು ಜಲಪಾತವನ್ನು 2 ಮೀಟರ್ ಎತ್ತರಕ್ಕೆ ಮಾಡಿದಳು. ಬಂಡೆ, ಕಾಡು, ಬೆಳಕು ಎಲ್ಲ ಸೊಗಸಾಗಿದೆ. ಆದರೆ ಅವಳ ನೀರು 0.64 ಸೆಕೆಂಡಿನಲ್ಲಿ ಕೆಳಗಿರುತ್ತದೆ, 15 ಚೌಕಟ್ಟು. ನೋಡುವವರಿಗೆ ಹಂಡೆಯಿಂದ ನೀರು ಚೆಲ್ಲಿದಂತೆ ಕಾಣುತ್ತದೆ. ಅವಳು ನೀರಿನ ಬಣ್ಣ ಬದಲಿಸುತ್ತಾಳೆ, ಹನಿ ಹೆಚ್ಚಿಸುತ್ತಾಳೆ, ಸರಿಹೋಗುವುದಿಲ್ಲ. ತಪ್ಪಿರುವುದು ಎತ್ತರ ಮತ್ತು ಕಾಲದ ನಂಟಿನಲ್ಲಿ. ಎತ್ತರ ನೂರರಲ್ಲಿ ಒಂದು ಪಾಲಾದರೆ ಬೀಳುವ ಕಾಲ ಹತ್ತರಲ್ಲಿ ಒಂದು ಪಾಲಾಗುತ್ತದೆ, ವರ್ಗಮೂಲದ ಲೆಕ್ಕ. ಒಂದೋ ಜಲಪಾತವನ್ನು ನಿಜ ಎತ್ತರಕ್ಕೇ ಕಟ್ಟಬೇಕು, ಇಲ್ಲವೇ ಕಾಲವನ್ನು ಹತ್ತು ಪಟ್ಟು ಎಳೆಯಬೇಕು.

ಕಂಪ್ಯೂಟರು ಬರುವ ಮೊದಲೇ ಸಿನಿಮಾದವರಿಗೆ ಇದು ಗೊತ್ತಿತ್ತು. 1954ರ ಜಪಾನಿನ ‘ಗಾಡ್ಜಿಲ್ಲಾ’ ಚಿತ್ರದಲ್ಲಿ ಪುಟ್ಟ ಪುಟ್ಟ ಕಟ್ಟಡಗಳ ಮಾದರಿ ಕಟ್ಟಿ ಕೆಡವಿದರು. ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ ಚಿತ್ರಿಸಿ ಮಾಮೂಲು ವೇಗದಲ್ಲಿ ತೋರಿಸಿದ್ದರಿಂದ ಮಾದರಿಯ ಗೋಡೆ ನಿಜದ ಗೋಡೆಯಂತೆ ನಿಧಾನವಾಗಿ ಕುಸಿಯಿತು. ನಾನು ಕಂಡಂತೆ ಕಲಿಯುವವರ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಅಳತೆಯದೇ. ಹಾಗಾಗಿ ಬೇರೆ ಯಾವ ಅಂಕೆ ಮುಟ್ಟುವ ಮೊದಲೂ ವಸ್ತು ನಿಜದಲ್ಲಿ ಎಷ್ಟು ಉದ್ದ ಎಂದು ಅಳೆದು ಅಷ್ಟೇ ಮಾಡಿ ಎಂದು ನಾನು ಹಟ ಹಿಡಿಯುತ್ತೇನೆ.

ಆ ಅಡಿಕೆಗೇ ಮರಳುತ್ತೇನೆ, ಅದರಲ್ಲಿ ಕಲಿಯುವುದು ಇನ್ನೂ ಇದೆ. ಮರದ ಬುಡದಲ್ಲಿ ಒಂದು ಅಡಿಕೆ ಹಾಳೆ ಹಾಸಿದೆ, ಅದರ ದಪ್ಪ ಕೆಲವೇ ಮಿಲಿಮೀಟರ್. 15 ಮೀಟರಿನಿಂದ ಬಂದ ಅಡಿಕೆಯ ವೇಗ ಅಲ್ಲಿ ಸೆಕೆಂಡಿಗೆ 17 ಮೀಟರ್. ಒಂದು ಚೌಕಟ್ಟಿಗೆ 71 ಸೆಂಟಿಮೀಟರ್, ಒಂದು ಹೆಜ್ಜೆಗೆ 7 ಸೆಂಟಿಮೀಟರ್. ಸಿಪ್ಪೆಯ ಅಡಿಕೆಯ ದಪ್ಪ 4 ಸೆಂಟಿಮೀಟರ್ ಇದ್ದೀತು. ಒಂದು ಹೆಜ್ಜೆಯಲ್ಲಿ ಅದು ಹಾಳೆಯ ಮೇಲಿದೆ, ಮುಂದಿನ ಹೆಜ್ಜೆಯಲ್ಲಿ ಹಾಳೆಯ ಕೆಳಗಿದೆ. ನಡುವೆ ತಾಗಿದ ಗಳಿಗೆಯನ್ನು ಯಂತ್ರ ನೋಡಲೇ ಇಲ್ಲ. ಅಡಿಕೆ ಹಾಳೆಯನ್ನು ಹರಿಯದೆ, ಅಲುಗಿಸದೆ ಪಾರಾಗಿಬಿಡುತ್ತದೆ. ಚೌಕಟ್ಟಿಗೆ 10 ಇದ್ದ ಹೆಜ್ಜೆಯನ್ನು 36ಕ್ಕೆ ಏರಿಸಿದರೆ ಪ್ರತಿ ಹೆಜ್ಜೆ 2 ಸೆಂಟಿಮೀಟರಿಗೆ ಇಳಿಯುತ್ತದೆ, ಆಗ ಅಡಿಕೆ ಸಿಕ್ಕಿಬೀಳುತ್ತದೆ. ಹೆಜ್ಜೆ ಎಷ್ಟಿರಬೇಕೆಂಬುದನ್ನು ಹೀಗೆ ವೇಗವನ್ನೂ ಗಾತ್ರವನ್ನೂ ಇಟ್ಟು ಕಂಡುಕೊಳ್ಳಬಹುದು. ಊಹೆಯಿಂದ ಐವತ್ತು, ನೂರು, ಇನ್ನೂರು ಎಂದು ಏರಿಸಿ ರಾತ್ರಿಯಿಡೀ ಯಂತ್ರವನ್ನು ಬಿಸಿ ಮಾಡಬೇಕಿಲ್ಲ.

ಬ್ಲೆಂಡರಿನ ಗಟ್ಟಿ ವಸ್ತುಗಳ ಲೆಕ್ಕ ಹಾಕುವುದು ‘ಬುಲೆಟ್’ ಎಂಬ ಎಂಜಿನ್. ಎರ್ವಿನ್ ಕೌಮಾನ್ಸ್ ಬರೆದದ್ದು. ಚಲಿಸುವ ವಸ್ತು ಸುಮಾರು 20 ಸೆಂಟಿಮೀಟರಿಗಿಂತ ಸಣ್ಣದಿರಬಾರದು, ಸಣ್ಣದಿದ್ದರೆ ಕಾಲದ ಹೆಜ್ಜೆಯನ್ನೂ ಸಣ್ಣ ಮಾಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ನಮ್ಮ ಅಡಿಕೆ ಅದರ ಐದರಲ್ಲಿ ಒಂದು ಪಾಲು. ಇದರ ಜೊತೆಗೆ ‘ಕೊಲಿಶನ್ ಮಾರ್ಜಿನ್’ ಎಂಬ ಇನ್ನೊಂದು ಅಂಕೆ ಇದೆ. ತಾಗುವ ಮೊದಲೇ ಎಷ್ಟು ದೂರದಲ್ಲಿ ತಡೆಯಬೇಕು ಎಂಬುದರ ಅಳತೆ ಅದು. ತಾನಾಗಿ ಬರುವ ಬೆಲೆ 4 ಸೆಂಟಿಮೀಟರ್. ಮೆಶ್ (ಮೇಲ್ಮೈಯ ಬಲೆ) ಆಕಾರ ಕೊಟ್ಟ ಅಡಿಕೆಗಳನ್ನು ಅಂಗಳದಲ್ಲಿ ರಾಶಿ ಹಾಕಿದರೆ ಒಂದಕ್ಕೊಂದು ಮುಟ್ಟದೆ, ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು ತೇಲುತ್ತಿರುವುದು ಇದರಿಂದ. ರಾಶಿ ನಡುಗುತ್ತಲೂ ಇರುತ್ತದೆ.

ಕೊನೆ ಇಳಿಸುವುದನ್ನು ಅನಿಮೇಟ್ ಮಾಡಲು ಹೊರಟವರಿಗೆ ಇನ್ನೊಂದು ಪೇಚು ಕಾದಿದೆ. ಮರದ ಮೇಲೆ ಕೊನೆಗೌಡ ಕೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸುತ್ತಾನೆ, ಕೆಳಗೆ ಹಗ್ಗ ಹಿಡಿದವನು ಬಿಗಿ ಮಾಡಿ ನಿಲ್ಲುತ್ತಾನೆ, ಕೊನೆ ಜಾರಿ ಬರುತ್ತದೆ. ತಂತ್ರಾಂಶದಲ್ಲಿ ಹಗ್ಗವನ್ನು ನೂರು ಸಣ್ಣ ಕೊಂಡಿಗಳಾಗಿ ಮಾಡುತ್ತಾರೆ. ಹಗ್ಗದ ಒಟ್ಟು ತೂಕ 1 ಕಿಲೋ ಇದ್ದರೆ ಕೊಂಡಿಗೆ 10 ಗ್ರಾಂ. ಕೊನೆ 10 ಕಿಲೋ ಎಂದಿಟ್ಟುಕೊಳ್ಳಿ, ಅಲ್ಲಿಗೆ ಒಂದಕ್ಕೆ ಸಾವಿರ. ಬುಲೆಟ್‌ನಂತಹ ಎಂಜಿನ್ನುಗಳು ಇಷ್ಟು ಅಂತರವನ್ನು ತಾಳಲಾರವು. ಹಗ್ಗ ರಬ್ಬರಿನ ಹಾಗೆ ಜಗ್ಗಿ, ಕೊನೆ ನೆಲ ಕಾಣುತ್ತದೆ. ‘ಸಾಲ್ವರ್ ಇಟರೇಶನ್’ ಎಂಬುದನ್ನು, ಅಂದರೆ ಪ್ರತಿ ಹೆಜ್ಜೆಯಲ್ಲೂ ಯಂತ್ರ ಕೊಂಡಿಗಳ ಎಳೆತವನ್ನು ಎಷ್ಟು ಸಲ ತಿದ್ದಿ ತೂಗಿಸಬೇಕು ಎಂಬುದನ್ನು, 10ರಿಂದ ಮೇಲಕ್ಕೆ ಏರಿಸಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಹಗ್ಗಕ್ಕೆ ಇಲ್ಲದ ತೂಕ ಕೊಡಬೇಕು. ಇದು ಸುಳ್ಳೇ. ನಿಜದ ಅಂಕೆ ಗೊತ್ತಿದ್ದವನು ಹೇಳುವ ಸುಳ್ಳಾದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ತಿಳಿದಿರುತ್ತದೆ.

ಘರ್ಷಣೆ ಮತ್ತು ಪುಟಿತದ ವಿಷಯ ಸ್ವಲ್ಪ ಬೇಗ ಹೇಳುತ್ತೇನೆ. ಎರಡು ವಸ್ತು ತಾಗಿದಾಗ ಬುಲೆಟ್ ಎರಡರ ಅಂಕೆಯನ್ನೂ ಗುಣಿಸುತ್ತದೆ. ಚೆಂಡಿಗೆ ಪೂರ್ತಿ ಪುಟಿತ ಕೊಟ್ಟು ನೆಲಕ್ಕೆ ಸೊನ್ನೆ ಬಿಟ್ಟರೆ ಗುಣಲಬ್ಧ ಸೊನ್ನೆ, ಚೆಂಡು ಸಗಣಿ ಮುದ್ದೆಯಂತೆ ಕೂತುಬಿಡುತ್ತದೆ. ಪುಟಿತ ತಾನಾಗಿ ಸೊನ್ನೆಯೇ ಇರುವುದರಿಂದ ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. ಘರ್ಷಣೆ ತಾನಾಗಿ 0.5. ಎರಡರದನ್ನೂ ಗುಣಿಸಿದರೆ 0.25, ಅಂದರೆ 14 ಡಿಗ್ರಿ ಇಳಿಜಾರಿಗೇ ವಸ್ತು ಜಾರತೊಡಗುತ್ತದೆ. ಒಣ ಮಣ್ಣಿನ ರಾಶಿ 30 ಡಿಗ್ರಿಗೂ ಮೇಲೆ ನಿಲ್ಲುತ್ತದೆ.

ಇಲ್ಲಿ ನಾನು ತಡೆದು ಮಾತಾಡಬೇಕು. ಮಣ್ಣು ಜಾರುವುದೆಂದರೆ ಏನೆಂದು ಈ ಸಭೆಗೆ ಹೊರಗಿನವರು ಹೇಳಬೇಕಾಗಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು, ಮನೆ, ತೋಟಗಳು ಹೋದವು. ಅದೇ ಮಳೆಗೆ ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕಟ್ಟಿಕೊಂಡಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಗಂಗಾವಳಿ ಹೊಳೆಗೆ ಇಳಿದು ಜೀವಗಳನ್ನು ತೆಗೆದುಕೊಂಡಿತು. ಗುಡ್ಡದ ಘರ್ಷಣೆ ಒಂದೇ ಅಂಕೆಯಲ್ಲಿ ನಿಲ್ಲುವುದಿಲ್ಲ. ಮಳೆನೀರು ಒಳಗಿಳಿದು ಮಣ್ಣಿನ ಕಣಗಳ ನಡುವೆ ತುಂಬಿದಂತೆ ಅದರ ಒತ್ತಡ ಕಣಗಳನ್ನು ಒಂದಕ್ಕೊಂದು ಅದುಮಿ ಹಿಡಿದ ಬಲವನ್ನು ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ನಿಂತ ಇಳಿಜಾರು ಆಷಾಢದಲ್ಲಿ ನಿಲ್ಲದೇ ಹೋಗುವುದು ಇದರಿಂದ. ಅನಿಮೇಷನ್ ತಂತ್ರಾಂಶದಲ್ಲಿ ಒಂದು ಕುಸಿತವನ್ನು ತೋರಿಸಬಹುದು, ನೋಡಿದವರ ಎದೆ ಝಲ್ಲೆನ್ನುವಂತೆಯೂ ತೋರಿಸಬಹುದು. ಯಾವ ಗುಡ್ಡ ಯಾವಾಗ ಜಾರುತ್ತದೆಂದು ಅದರಿಂದ ಹೇಳಲಾಗದು. ಈ ತಂತ್ರಾಂಶ ಕಣ್ಣಿಗೆ ಒಪ್ಪುವ ಚಿತ್ರಕ್ಕಾಗಿ ಹುಟ್ಟಿದ್ದು. ಭೂವಿಜ್ಞಾನಿಗಳ ಲೆಕ್ಕಕ್ಕೆ ಆ ಜಾಗದ ಮಣ್ಣನ್ನೇ ತೆಗೆದು ಪರೀಕ್ಷಿಸಿದ ಅಂಕೆಗಳು ಬೇಕು. ಬ್ಲೆಂಡರಿನಲ್ಲಿ ಮಾಡಿದ ಗುಡ್ಡ ಕುಸಿತದ ವಿಡಿಯೋ ಹಿಡಿದು ಯಾರಾದರೂ ಊರವರನ್ನು ಹೆದರಿಸಲು ಅಥವಾ ಸಮಾಧಾನ ಮಾಡಲು ಬಂದರೆ ದಯವಿಟ್ಟು ನಂಬಬೇಡಿ. ಇದನ್ನು ಈ ವಿದ್ಯೆಯವನಾಗಿಯೇ ಹೇಳುತ್ತಿದ್ದೇನೆ.

ಇನ್ನು ಬಟ್ಟೆ. ನಮ್ಮ ಬಡಗುತಿಟ್ಟು ಯಕ್ಷಗಾನದ ವೇಷಕ್ಕಿಂತ ಕಠಿಣ ಪರೀಕ್ಷೆ ಬಟ್ಟೆಯ ಸಿಮ್ಯುಲೇಶನ್ನಿಗೆ ಸಿಗಲಾರದು ಎಂದು ನನ್ನ ಅಭಿಪ್ರಾಯ. ಮಂಡಿ ಕುಣಿತವನ್ನು ತೆಗೆದುಕೊಳ್ಳಿ. ವೇಷಧಾರಿ ಮಂಡಿಯೂರಿ ಸುತ್ತುತ್ತಾನೆ, ಕಸೆ ಸೀರೆ ಮಂಡಿಗೂ ರಂಗಸ್ಥಳಕ್ಕೂ ನಡುವೆ ಸಿಕ್ಕಿ ಮತ್ತೆ ಬಿಡಿಸಿಕೊಳ್ಳುತ್ತದೆ. ಸೆಕೆಂಡಿಗೆ ಒಂದು ಸುತ್ತು ಎಂದಿಟ್ಟುಕೊಳ್ಳೋಣ. ಮೈಯಿಂದ 40 ಸೆಂಟಿಮೀಟರ್ ದೂರದ ಸೆರಗು ಒಂದು ಚೌಕಟ್ಟಿನಲ್ಲಿ ಹತ್ತೂವರೆ ಸೆಂಟಿಮೀಟರ್ ಓಡುತ್ತದೆ. ಬ್ಲೆಂಡರಿನ ಬಟ್ಟೆಗೆ ತಾನಾಗಿ ಇರುವುದು ಚೌಕಟ್ಟಿಗೆ 5 ಹೆಜ್ಜೆ, ಅಂದರೆ ಹೆಜ್ಜೆಗೆ 2 ಸೆಂಟಿಮೀಟರ್. ಮೈಗೆ ಎಷ್ಟು ಹತ್ತಿರ ಬಂದಾಗ ತಡೆಯಬೇಕು ಎಂಬ ಅಳತೆ ಒಂದೂವರೆ ಸೆಂಟಿಮೀಟರ್. ಹೆಜ್ಜೆ ತಡೆಗಿಂತ ದೊಡ್ಡದು. ಹಾಗಾಗಿ ತೊಡೆ ಬಟ್ಟೆಯಿಂದ ಹೊರಬರುತ್ತದೆ. 10 ಹೆಜ್ಜೆಗೆ ಏರಿಸಿದರೆ ಒಂದು ಸೆಂಟಿಮೀಟರ್ ಚಿಲ್ಲರೆ, ಬಟ್ಟೆ ನಿಲ್ಲುತ್ತದೆ. ಮಂಡಿಯ ಅಡಿಯಲ್ಲಿ ಸಿಕ್ಕಿದ ಜಾಗಕ್ಕೆ ಮಾತ್ರ ಯಾವ ಹೆಜ್ಜೆಯೂ ಸಾಲದು. ಮಂಡಿ ಒತ್ತುತ್ತದೆ, ನೆಲ ಒತ್ತುತ್ತದೆ, ನಡುವಿನ ಬಟ್ಟೆಗೆ ಹೋಗಲು ಜಾಗವಿಲ್ಲ. ಮಂಡಿಯನ್ನು ನೆಲದಿಂದ ಒಂದು ಬೆರಳಿನಷ್ಟು ಎತ್ತಿ ಇಟ್ಟರೆ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ, ಬಟ್ಟೆ ಬದುಕುತ್ತದೆ.

ಬಟ್ಟೆಯನ್ನು ಲೆಕ್ಕ ಹಾಕುವುದು ಇಷ್ಟಾದರೂ ಸುಲಭವಾದದ್ದು 1998ರಲ್ಲಿ. ತಂತ್ರಾಂಶಕ್ಕೆ ಬಟ್ಟೆಯೆಂದರೆ ಸಾವಿರಾರು ಬಿಂದುಗಳ ನಡುವೆ ಕಟ್ಟಿದ ಸ್ಪ್ರಿಂಗುಗಳ ಬಲೆ. ಗಟ್ಟಿ ಸ್ಪ್ರಿಂಗು, ದೊಡ್ಡ ಹೆಜ್ಜೆ ಸೇರಿದರೆ ಬಿಂದು ತನ್ನ ಜಾಗ ದಾಟಿ ಆಚೆ ಹೋಗುತ್ತದೆ, ತಿದ್ದಲು ಬಂದ ಬಲ ಅದನ್ನು ಇನ್ನೂ ದೂರ ಎಸೆಯುತ್ತದೆ, ನಾಲ್ಕು ಚೌಕಟ್ಟಿನಲ್ಲಿ ಸೀರೆ ಸಿಡಿದು ಚೂರಾಗುತ್ತದೆ. ಡೇವಿಡ್ ಬಾರಾಫ್ ಮತ್ತು ಆಂಡ್ರ್ಯೂ ವಿಟ್ಕಿನ್ ಆ ವರ್ಷ ಒಂದು ಪ್ರಬಂಧದಲ್ಲಿ, ಈಗಿನ ಬಲವನ್ನು ನಂಬಿ ಮುಂದೆ ಹೋಗುವ ಬದಲು ಹೆಜ್ಜೆ ಮುಗಿಯುವಾಗ ಇರಬೇಕಾದ ಬಲವನ್ನೇ ಬಿಡಿಸಿಕೊಂಡು ಹೋಗುವ ದಾರಿಯನ್ನು ಬಟ್ಟೆಗೆ ಅನ್ವಯಿಸಿ ತೋರಿಸಿದರು. 2001ರ ‘ಮಾನ್‌ಸ್ಟರ್ಸ್ ಇಂಕ್’ ಚಿತ್ರದ ಪುಟ್ಟ ಹುಡುಗಿಯ ಅಂಗಿ ಮಡಿಕೆ ಬಿದ್ದು ಚಲಿಸುವುದು ಇಂತಹ ಲೆಕ್ಕದಿಂದಲೇ. ಇದೇ ಉಪಾಯದ ಇನ್ನೊಂದು ರೂಪ ನೀರು, ಹೊಗೆಗೆ ಬಂದದ್ದು 1999ರ ಜೋಸ್ ಸ್ಟಾಮ್ ಅವರ ಪ್ರಬಂಧದಿಂದ.

ನೀರಿನ ಬಗ್ಗೆ ಒಂದೇ ಮಾತು. ಬ್ಲೆಂಡರಿನ ನೀರಿನ ಪೆಟ್ಟಿಗೆ ತಾನಾಗಿ ತನ್ನ ಉದ್ದದ ಬದಿಯನ್ನು 32 ಭಾಗ ಮಾಡುತ್ತದೆ. ಮಾಗೋಡಿನ 200 ಮೀಟರನ್ನು ಅದರಲ್ಲಿ ಇಟ್ಟರೆ ಒಂದೊಂದು ಭಾಗ 6 ಮೀಟರಿಗೂ ಹೆಚ್ಚು, ಹನಿಯಲ್ಲ, ಮನೆಯಷ್ಟು ನೀರು. ಭಾಗಗಳ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಲೆಕ್ಕದ ಕೋಶಗಳು ಎಂಟು ಪಟ್ಟಾಗುತ್ತವೆ. ಮನೆಯ ಲ್ಯಾಪ್‌ಟಾಪಿನಲ್ಲಿ ಇಡೀ ಜಲಪಾತ ಆಗುವ ಮಾತಲ್ಲ. ಕಣ್ಣಿಗೆ ಹತ್ತಿರದ ಒಂದು ಬಂಡೆಯ ಸುತ್ತ ಮಾತ್ರ ನಿಜದ ನೀರು ಮಾಡಿ, ದೂರದ್ದಕ್ಕೆ ಕಣಗಳೋ ಚಿತ್ರವೋ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಕಡೆ 9.81 ಎಂದು ನಾನು ವಾದಿಸುವುದಿಲ್ಲ. ಹನುಮಂತ ಸಮುದ್ರ ಹಾರುವಾಗ ಗುರುತ್ವ ಭಾಗವತರ ತಾಳದ್ದು. ವಿ. ರವಿಶಂಕರ್ ಅವರ ಸಂಸ್ಕೃತ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ ನಮ್ಮದೇ ಹಾಡಿನ ಹಸುವಿನ ಕಥೆ. ಆ ಹಸು ಮನಸ್ಸು ಮುಟ್ಟುವುದು ಅದರ ಮಾತಿನ ಸತ್ಯದಿಂದ, ಘರ್ಷಣೆಯ ಅಂಕೆಯಿಂದ ಖಂಡಿತ ಅಲ್ಲ. ನಿಯಮ ಮುರಿಯುವ ಅಧಿಕಾರ ಕಲಾವಿದನಿಗೆ ಪೂರ್ತಿ ಇದೆ. ಮುರಿಯುವ ಮೊದಲು ಅದು ಎಲ್ಲಿದೆ ಎಂದು ಗೊತ್ತಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಹೊಟ್ಟೆಪಾಡಿನ ಪ್ರಶ್ನೆಯನ್ನು ಹೆತ್ತವರು ಕೇಳಿಯೇ ಕೇಳುತ್ತಾರೆ. ಅನಿಮೇಷನ್‌ ಕ್ಷೇತ್ರಕ್ಕೆಂದು 2012ರಲ್ಲಿ ದೇಶದಲ್ಲೇ ಮೊದಲು ನೀತಿ ಮಾಡಿದ್ದು ಕರ್ನಾಟಕ. ಬೆಂಗಳೂರಿನ ಮಹದೇವಪುರದಲ್ಲಿ ತರಬೇತಿಯ ಕೇಂದ್ರವೂ ಇದೆ. ಹಾಗೆಯೇ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಜಾಗತಿಕ ಕಂಪನಿ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋ ಮುಚ್ಚಿ ದೊಡ್ಡ ಸಂಖ್ಯೆಯ ಕಲಾವಿದರು ಕೆಲಸ ಕಳೆದುಕೊಂಡದ್ದೂ ನಿಜ. ಎರಡನ್ನೂ ತಿಳಿದೇ ಮಕ್ಕಳು ಬರಲಿ. ಗುಂಡಿ ಒತ್ತುವುದನ್ನು ಮಾತ್ರ ಕಲಿತವರಿಗೆ ಮುಂದೆ ಕಷ್ಟವಿದೆ, ನೋಡಿ ಅಳೆಯಬಲ್ಲವರಿಗೆ ಕೆಲಸ ಇರುತ್ತದೆ ಎಂಬುದು ನನ್ನ ನಂಬಿಕೆ.

ವಿಜ್ಞಾನ ಕಲಿಸುವ ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ಈಗ ಅನೇಕ ಫೋನುಗಳು ಸೆಕೆಂಡಿಗೆ 240 ಚೌಕಟ್ಟಿನ ನಿಧಾನ ಚಿತ್ರ ತೆಗೆಯುತ್ತವೆ, ಬ್ಲೆಂಡರ್ ಎಣಿಸುವ ಹೆಜ್ಜೆಯೂ ಅಷ್ಟೇ. ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಒಣಗಿದ ಸೋಗೆ ಹಾಳೆ ಸಮೇತ ಮೇಲಿನಿಂದ ಬೀಳುವುದನ್ನು, ಅದೇ ಎತ್ತರದಿಂದ ಅಡಿಕೆ ಬೀಳುವುದನ್ನು ಚಿತ್ರೀಕರಿಸಲಿ, ಚೌಕಟ್ಟು ಎಣಿಸಲಿ. ಸೋಗೆ ಎಷ್ಟು ಚೌಕಟ್ಟು ತಡವಾಗಿ ಬಂತು, ಹಾಳೆಯ ಕಡೆ ಮೊದಲು ತಿರುಗಿತೋ, ಎಲೆಯ ಕಡೆಯೋ ಬರೆದುಕೊಳ್ಳಲಿ. ಆಮೇಲೆ ಬ್ಲೆಂಡರ್ ತೆರೆದು ಅದೇ ಸೋಗೆಯನ್ನು ಬೀಳಿಸಲು ಹೇಳಿ. ಗಾಳಿಯ ತಡೆಯ ಅಂಕೆ ಎಷ್ಟಿರಬೇಕೆಂದು ಅವರೇ ಹುಡುಕುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಫೋನು, ಒಂದು ಟೇಪು, ಒಂದು ಮಧ್ಯಾಹ್ನ. ಈ ವರ್ಷದ ಕೊಯ್ಲಿನಲ್ಲೇ ಮಾಡಿ.